ಮರೀಗೌಡರ ಹಡಗಿನೂಟ

ಊಟಕ್ಕೆ ಕೂರುವ ಮೊದಲು ಮರೀಗೌಡರು ಬೂಟು ಬಿಚ್ಚಿ, ಅವುಗಳ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಬೂಟು ಅನ್ನವನ್ನು ನೋಡಬಾರದಂತೆ. ಶಿವನಸಮುದ್ರದ ಕರೆಂಟ್ ಮನೆಯಲ್ಲಿ ನಾವು ನಾಲ್ಕೈದು ಜನ ಮಿಷನ್ನಿನ ಪಕ್ಕದಲ್ಲೇ ಬೂಟುಗಾಲು ಚಾಚಿಕೊಂಡು ಬುತ್ತಿ ತಿನ್ನುತ್ತಿದ್ದರೆ, ಗೌಡರು ಮಾತ್ರ ಕೈಕಾಲು ತೊಳೆದು ಬಂದು ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಚಕ್ಕಂಬಕ್ಕಳ ಹಾಕುತ್ತಿದ್ದರು. ಯಾಕೆ ಗೌಡ್ರೇ ಇಷ್ಟೆಲ್ಲ ಎಂದರೆ ಒಂದೇ ಉತ್ತರ: "ಚರ್ಮ ಆಕ್ಕಂಡು ಉಣ್ಣಕೆ ನಾನೇನ್ ಎಮ್ಮೆನೇನ್ಲಾ?"

ಒಮ್ಮೆ ತಪಾಸಣೆಗೆಂದು ದೊಡ್ಡ ಸಾಹೇಬರೊಬ್ಬರು ಹೇಳದೆ ಕೇಳದೆ ಮಧ್ಯಾಹ್ನಕ್ಕೇ ಬಂದುಬಿಟ್ಟರು. ನಾವೆಲ್ಲ ತುತ್ತನ್ನು ಕೆನ್ನೆಯೊಳಗೆ ಬಚ್ಚಿಟ್ಟುಕೊಂಡು ಎದ್ದು ನಿಂತೆವು. ನನ್ನ ಕೆನ್ನೆ ಹಲ್ಲುನೋವಿನವನ ಕೆನ್ನೆಯ ಹಾಗೆ ಊದಿತ್ತು. ಗೌಡರು ಏಳಲಿಲ್ಲ. ಉಳಿದ ಅರ್ಧ ಮುದ್ದೆ ಮುಗಿಸಿದರು, ಕೈ ತೊಳೆದರು, ಬೂಟು ಹಾಕಿ ದಾರ ಕಟ್ಟಿದರು, ಆಮೇಲೆ ಎದ್ದು ಸಲಾಮು ಹೊಡೆದು, "ಉಣ್ತಿದ್ದೆ ಸ್ವಾಮಿ" ಎಂದರು. ಸಾಹೇಬರು ಅಷ್ಟೂ ಹೊತ್ತು ಟೋಪಿ ಹಿಡಿದುಕೊಂಡು ಕಾದಿದ್ದರು. ಯಾಕೆ ಕಾದರು ಎಂಬುದು ಅವರಿಗೇ ತಿಳಿದಂತೆ ಕಾಣಲಿಲ್ಲ.

ಗೌಡರದು ಬಂಡೂರಿನ ಪಕ್ಕದ ಒಂದು ಹಳ್ಳಿ. ಆ ಕಡೆಯ ಟಗರಿನ ಹಾಗೆಯೇ ಗಿಡ್ಡ, ಗಟ್ಟಿ, ಕುತ್ತಿಗೆ ಇದ್ದೂ ಇಲ್ಲದ ಹಾಗೆ. ಪೈಪು ಹೊರುವ ಕೂಲಿಯಾಗಿ ಸೇರಿ, ಇಪ್ಪತ್ತು ವರ್ಷದಲ್ಲಿ ಮಿಷನ್ನಿನ ಮೇಸ್ತ್ರಿಯಾಗಿದ್ದರು. ತಿರುಗುವ ಮಿಷನ್ನಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇವ್ಳಿಗೆ ಗಂಟ್ಲು ಕಟ್ಕಂಡದೆ, ಎಣ್ಣೆ ಬುಡು" ಎಂದರೆ ಬಿಡಬೇಕು; ಬಿಡದಿದ್ದರೆ ಎರಡು ದಿನದಲ್ಲಿ ಮಿಷನ್ನು ನಿಲ್ಲುತ್ತಿತ್ತು. ಅವರ ದನಿ ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಬಾಯಿಗೆ ಬರುತ್ತಿತ್ತು.

ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ದನಿಯನ್ನು ನಾನು ಕದ್ದಿದ್ದೆ. ನನಗಾಗ ಇಪ್ಪತ್ತಮೂರು. ಮಂಡ್ಯದವನು, ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ್ದೆ. ಕೆಲಸ ಅಷ್ಟಕ್ಕಷ್ಟೆ; ಅಣಕಿಸುವುದರಲ್ಲಿ ಮಾತ್ರ ಪಳಗಿದ ಕೈ. ಯಾರ ಜೊತೆ ಐದು ನಿಮಿಷ ಮಾತಾಡಿದರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. "ನಿಂದೂ ಅಂತ ಒಂದು ದನಿ ಇದ್ದರೆ ಅದರಲ್ಲಿ ಒಂದ್ಸಲ ಮಾತಾಡೋ" ಎಂದು ನಮ್ಮಮ್ಮ ಬೈಯುತ್ತಿದ್ದಳು. ಗೌಡರ ದನಿಯಲ್ಲಿ ನಾನು "ಲೋ, ವಾಲ್ವ್ ತಿರುಗ್ಸ್ಲಾ" ಎಂದು ಮರೆಯಿಂದ ಕೂಗಿದರೆ ಆಳುಗಳು ಓಡಿಹೋಗಿ ತಿರುಗಿಸುತ್ತಿದ್ದರು. ಗೌಡರಿಗೆ ಇದು ಗೊತ್ತಿತ್ತು. "ನಾನ್ ಸತ್ ಮೇಲೆ ನೀನು ಕೆಲ್ಸಕ್ಕೆ ಬತ್ತೀಯ ಕಣ್ಲಾ" ಎನ್ನುತ್ತಿದ್ದರು.

ಹೊಸ ಮಿಷನ್ನು ಇಂಗ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಅದನ್ನು ಕೂಡಿಸುವುದು ಕಲಿಯಲು ಆರು ತಿಂಗಳು ಅಲ್ಲಿಗೆ ಒಬ್ಬ ಅನುಭವಸ್ಥ ಹೋಗಬೇಕೆಂದಾಯಿತು. ಗೌಡರನ್ನು ಆರಿಸಿದರು. ಅವರಿಗೆ ಇಂಗ್ಲಿಷು ಸಾಲದು ಎಂದು ಬಾಯಿಗೆ ನನ್ನನ್ನು ಜೊತೆ ಮಾಡಿದರು. ಊರಿನವರು ಮಳವಳ್ಳಿಯವರೆಗೆ ಬಂದು ಬಸ್ಸು ಹತ್ತಿಸಿದರು. ಗೌಡರ ಆಸೆ ಒಂದೇ. "ಮಿಸನ್ನು ಊರ್ಗ್ ಬಂದ್ ಮೇಲೆ ನೋಡಿವ್ನಿ. ಅದು ಉಟ್ಟೋ ಮನೆ ನೋಡ್ಬೇಕು ಕಣ್ಲಾ ಸೀನ. ಕಬ್ಣ ಕಾದು ನೀರಾಗಿ ಅಚ್ಚಿಗೆ ಬೀಳ್ತದಂತಲ್ಲ, ಅದ ನೋಡ್ಬುಟ್ರೆ ಸಾಕು." ಈ ಮಾತನ್ನು ಮಳವಳ್ಳಿಯಿಂದ ಬೊಂಬಾಯಿಯವರೆಗೆ ನಾನು ಎಷ್ಟು ಸಲ ಕೇಳಿದೆನೋ.

ಹಡಗಿನಲ್ಲಿ ನಮ್ಮ ಕೋಣೆ ಕೋಳಿಗೂಡಿಗಿಂತ ಒಂದಿಷ್ಟು ದೊಡ್ಡದು. ಒಬ್ಬ ಎದ್ದು ನಿಂತರೆ ಇನ್ನೊಬ್ಬ ಮಲಗಲೇಬೇಕು. ಗುಂಡನೆಯ ಗಾಜಿನ ಕಿಂಡಿ, ತೆರೆಯಲು ಬಾರದು. "ಇದು ಕಿಟ್ಕಿ ಅಲ್ಲ ಕಣ್ಲಾ, ಮೀಟ್ರು" ಎಂದರು ಗೌಡರು. ನಮ್ಮ ಮೇಲ್ವಿಚಾರಣೆಗೆ ಸೂಪರಿಂಟೆಂಡೆಂಟ್ ರಂಗರಾಯರು ಅದೇ ಹಡಗಿನಲ್ಲಿದ್ದರು. ಊರಿನಲ್ಲಿ ರಾಯರು ಬರಿಮೈಗೆ ಪಟ್ಟೆಮಡಿ ಉಟ್ಟು ಮಣೆಯ ಮೇಲೆ ಕೂತು ಉಣ್ಣುವವರು. ಬೊಂಬಾಯಿಯ ದಡ ಮರೆಯಾದ ಕೂಡಲೇ ಅವರಿಗೆ ಬೇರೊಂದು ಭಯ ಹಿಡಿಯಿತು. ನಮ್ಮನ್ನು ಕರೆದು, "ಸಂಜೆ ಊಟಕ್ಕೆ ಎಲ್ಲರೂ ನೋಡ್ತಾ ಇರ್ತಾರೆ. ಮೈಸೂರಿನ ಮರ್ಯಾದೆ ನಿಮ್ಮ ಮೈಮೇಲಿರುತ್ತೆ" ಎಂದರು.

ಮರ್ಯಾದೆ ಎಂದರೆ ಏನೇನು ಎಂಬುದನ್ನು ಊಟದ ಕೋಣೆಯ ಬಾಗಿಲಿನ ಹಲಗೆ ಹೇಳುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ ಹೇಗೆ ಬಂದರೂ ನಡೆದೀತು. ಸಂಜೆಗೆ ಕೋಟು, ಕಾಲರು, ಟೈ. ಕೆಲವು ಸಂಜೆ ಇನ್ನೂ ಹೆಚ್ಚು. ಗೌಡರಿಗೆ ಇದು ಅರ್ಥವೇ ಆಗಲಿಲ್ಲ.

"ಬೆಳಿಗ್ಗೇನೂ ಇದೇ ಬಾಯಿ, ಮದ್ಯಾನಾನೂ ಇದೇ ಬಾಯಿ. ಸಂಜೆ ಬಾಯ್ಗೆ ಏನಾಯ್ತದಂತೆ?"

"ಸಂಜೆ ಬಾಯಿಗೆ ಹೆಂಗಸರು ಎದುರಿಗಿರ್ತಾರೆ ಗೌಡ್ರೇ."

"ನಮ್ಮಟ್ಟೀಲೂ ಎದುರ್ಗೇ ಇರ್ತಾಳೆ ಕಣ್ಲಾ. ಇಕ್ತಾ ಇರ್ತಾಳೆ."

ದಿನಾ ನಾಲ್ಕು ಗಂಟೆಗೆ ನಮ್ಮ ಗೂಡಿನಲ್ಲಿ ಪಂಚಾಯಿತಿ ಶುರುವಾಗುತ್ತಿತ್ತು. ನನ್ನ ಸೂಟು ಮದ್ದೂರಿನ ದರ್ಜಿಯೊಬ್ಬರು ಕ್ಯಾಲೆಂಡರಿನಲ್ಲಿದ್ದ ದೊರೆಯೊಬ್ಬನ ಚಿತ್ರ ನೋಡಿ ಹೊಲಿದದ್ದು. ಚಿತ್ರದಲ್ಲಿ ಆ ದೊರೆ ಕೂತಿದ್ದರಿಂದ ನನ್ನ ಸೂಟೂ ಕೂತವನಿಗೇ ಸರಿಹೋಗುತ್ತಿತ್ತು. ನಿಂತರೆ ಬೆನ್ನಿನಲ್ಲಿ ಇನ್ನೊಬ್ಬ ಇದ್ದ ಹಾಗೆ. ಗೌಡರು ಕ್ಲೋಸ್ ಕೋಟಿಗೆ ಪಂಚೆ ಉಟ್ಟು ತೋರಿಸಿದರು. ರಾಯರು ಬೇಡವೆಂದರು. ಕೊನೆಗೆ ಕರಿ ಕ್ಲೋಸ್ ಕೋಟು, ಬಿಳಿ ಷರಾಯಿ, ಜರಿಪೇಟ, ಮೈಸೂರಿನಿಂದ ತಂದ ಕರಿ ಬೂಟು ಎಂದು ತೀರ್ಮಾನವಾಯಿತು. ನಮ್ಮ ಸಂಸ್ಥಾನದ ದರ್ಬಾರು ಉಡುಪು. ಹಲಗೆಯ ಕಾನೂನಿಗೂ ಒಪ್ಪಿಗೆ. ಕತ್ತಿನ ಗುಂಡಿ ಹಾಕಿದ ಮೇಲೆ ಗೌಡರು ತಲೆ ತಿರುಗಿಸುವ ಹಾಗಿರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ಗೌಡರೇ ತಿರುಗಬೇಕಾಗಿತ್ತು. ಆದರೂ ಪೇಟ ಇಟ್ಟುಕೊಂಡು ಹೊರಟರೆ ಎದುರು ಬಂದವರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ನನ್ನನ್ನು ಕಂಡವರು ಮಾತ್ರ ನನ್ನ ಕೈಗೆ ಖಾಲಿ ಲೋಟ ಕೊಡಲು ಬರುತ್ತಿದ್ದರು.

ಉಳಿದದ್ದು ಬೂಟಿನ ಸಮಸ್ಯೆ. ಮೊದಲ ಸಂಜೆಯೇ ಗೌಡರು ಅದಕ್ಕೊಂದು ದಾರಿ ಕಂಡುಕೊಂಡರು. ಮೇಜಿನ ಬಟ್ಟೆ ನೆಲದವರೆಗೆ ಇಳಿಬಿದ್ದಿತ್ತು. ದಾರ ಕಟ್ಟದೆ ಬೂಟಿನೊಳಗೆ ಕಾಲು ತೂರಿಸಿಕೊಂಡು ಬರುವುದು, ಬಡಿಸುವವನು ಹತ್ತಿರ ಬಂದಾಗ ಬಟ್ಟೆಯ ಮರೆಯಲ್ಲಿ ಮೆಲ್ಲಗೆ ಬಿಚ್ಚುವುದು, ಉಂಡ ಮೇಲೆ ತೂರಿಸಿಕೊಂಡು ಏಳುವುದು. ಹತ್ತು ಬೆರಳೂ ಹೊರಗೆ ಬಂದ ಕೂಡಲೇ ಅವರ ಮುಖ ಸಡಿಲವಾಗುತ್ತಿತ್ತು. ಬೇಯಿಸಿದ ಆಲೂಗಡ್ಡೆಯನ್ನೂ ಆಗ ಪ್ರೀತಿಯಿಂದ ತಿನ್ನುತ್ತಿದ್ದರು. ಎರಡು ಸಂಜೆ ಹೀಗೇ ಕಳೆಯಿತು. ನನಗೊಬ್ಬನಿಗೇ ಗೊತ್ತು.

ಮೂರನೆಯ ಸಂಜೆ ಸಮುದ್ರ ಎದ್ದಿತು. ಊಟದ ನಡುವೆ ಹಡಗು ಒಂದು ಪಕ್ಕಕ್ಕೆ ವಾಲಿ ಸರಿಯಾಯಿತು. ಗೌಡರ ಮುಖ ಬಿಳುಚಿಕೊಂಡಿತು.

"ಸೀನ," ಎಂದರು, ತುಟಿ ಅಲುಗಿಸದೆ. "ಎಡಗಾಲಿಂದು ಓಯ್ತು."

ನಾನು ಫೋರ್ಕು ಬೀಳಿಸಿ ಬಗ್ಗಿ ನೋಡಿದೆ. ಬೂಟು ಮೇಜಿನ ಆ ತುದಿಯಲ್ಲಿ, ಯಾರೋ ದಪ್ಪ ದೊರೆಸಾನಿಯ ಗೌನಿನ ಕೆಳಗೆ ಸುಖವಾಗಿತ್ತು. ಉಳಿದವರೆಲ್ಲ ಎದ್ದುಹೋದರು, ದೊರೆಸಾನಿ ಮಾತ್ರ ಯಾರೊಡನೆಯೋ ಮಾತಾಡುತ್ತಾ ಕೂತೇ ಇದ್ದಳು. ನಾವು ಏಳುವ ಹಾಗಿಲ್ಲ. ಕಾಫಿ ತರಿಸಿದೆವು. ಮತ್ತೆ ಕಾಫಿ ತರಿಸಿದೆವು. ಆ ದೊರೆಸಾನಿ ಮಾತು ಮುಗಿಸಿ ಎದ್ದಾಗ ನಾಲ್ಕನೆಯ ಬಟ್ಟಲು ನಡೆಯುತ್ತಿತ್ತು. ನಾನು ಮೇಜಿನ ಕೆಳಗೆ ನುಸುಳಿ, ಮದ್ದೂರಿನ ಸೂಟಿನ ಹಿಂದಿನ ಹೊಲಿಗೆ ಬಿಚ್ಚಿಸಿಕೊಂಡು, ಬೂಟು ತಂದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಡೆಕ್ಕಿನ ಮೇಲೆ ಬೆಂಗಳೂರಿನ ಕಾಲೇಜು ಹುಡುಗರು ಐದಾರು ಜನ ಸಿಕ್ಕಿದರು. ನಗುವ ಮುಖ ಕಂಡರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಟವಲನ್ನು ಪೇಟ ಮಾಡಿಕೊಂಡೆ, ಕುತ್ತಿಗೆಯನ್ನು ಹೆಗಲಿನೊಳಗೆ ಇಳಿಸಿದೆ, ಕುರ್ಚಿಯ ಕೆಳಗೆ ಕಾಲಿನಿಂದ ಬೂಟು ಹುಡುಕಿದೆ, "ಎಡಗಾಲಿಂದು ಓಯ್ತು" ಎಂದೆ. ಹುಡುಗರು ಹೊಟ್ಟೆ ಹಿಡಿದುಕೊಂಡರು. ಹಿಂದೆ ಇನ್ನೂ ಯಾರೋ ನಕ್ಕರು. ತಿರುಗಿ ನೋಡಿದರೆ ರಂಗರಾಯರು. ಅವರ ನಗು ನಡುವೆಯೇ ನಿಂತಿತು.

"ಇದು ನಡೆದದ್ದಾ?" ಎಂದು ಕೇಳಿದರು.

ಸುಳ್ಳು ಹೇಳಲು ಸಾವಿರ ದನಿಗಳಿದ್ದವು ನನ್ನಲ್ಲಿ. ಒಂದೂ ಸಮಯಕ್ಕೆ ಬರಲಿಲ್ಲ.

ಮಧ್ಯಾಹ್ನ ರಾಯರು ನಮ್ಮ ಕೋಣೆಗೇ ಬಂದರು. "ಮರೀಗೌಡ, ಇದು ನಿಮ್ಮ ಹಟ್ಟಿ ಅಲ್ಲ. ನಾಳಿದ್ದು ಏಡನ್. ನಾಳೆ ಸಂಜೆ ಬೂಟು ಹಾಕಿಕೊಂಡು, ದಾರ ಕಟ್ಟಿಕೊಂಡು, ಕೊನೇವರೆಗೂ ಕೂತು ಊಟ ಮಾಡಬೇಕು. ಇಷ್ಟು ಆಗದವನನ್ನ ಆ ದೇಶದಲ್ಲಿ ಆರು ತಿಂಗಳು ಹೇಗೆ ಬಿಡಲಿ? ಆಗದಿದ್ದರೆ ಏಡನ್ನಿನಲ್ಲಿ ಇಳಿದು ವಾಪಸು ಹಡಗು ಹತ್ತು."

ಅವರು ಹೋದ ಮೇಲೆ ಗೌಡರು ಕೇಳಿದರು, "ಇವ್ರಿಗೆ ಎಂಗ್ ಗೊತ್ತಾಯ್ತ್ಲಾ?"

ನಾನು ಗಾಜಿನ ಕಿಂಡಿಯ ಕಡೆ ತಿರುಗಿದೆ. "ಬಡಿಸೋನು ನೋಡಿರಬೇಕು ಗೌಡ್ರೇ" ಎಂದೆ. ಇದಕ್ಕೆ ಮಾತ್ರ ದನಿ ಸಿಕ್ಕಿತು.

ಆ ಸಂಜೆ ಗೌಡರು ಊಟಕ್ಕೇ ಹೋಗಲಿಲ್ಲ. ಮಾರನೆಯ ದಿನವೆಲ್ಲ ನಾನು ಅವರನ್ನು ಒಲಿಸಲು ಹೆಣಗಿದೆ. ಹೊರಗೆ ಹೋಗಲು ಮನಸ್ಸಿಲ್ಲ, ಒಳಗೆ ಗಾಳಿಯಿಲ್ಲ. ಒಂದು ಸಂಜೆ ತಾನೇ ಗೌಡ್ರೇ, ಮುಕ್ಕಾಲು ಗಂಟೆ, ಕಣ್ಣು ಮುಚ್ಚಿಕೊಂಡು ಕೂತುಬಿಡಿ, ಏನೂ ತಿನ್ನಬೇಡಿ, ತಟ್ಟೆ ಅಲುಗಿಸುತ್ತಾ ಇರಿ, ಎಂದೆ. ಕಬ್ಬಿಣ ಅಚ್ಚಿಗೆ ಬೀಳುವುದನ್ನು ನೋಡಬೇಡವೇ ಎಂದೆ. ಆ ಮಾತಿಗೆ ಅವರು ಬೂಟು ಕೈಗೆ ತೆಗೆದುಕೊಂಡು ಬಹಳ ಹೊತ್ತು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು.

"ಮೂರು ದಿನ ಕದ್ದು ಬಿಚ್ದೆ," ಎಂದರು. "ಅದೇ ತಪ್ಪಾಯ್ತು. ನಾನೇನ್ ಕಳ್ಳನಾ?"

ಸಂಜೆ ಅವರು ಉಡುಪು ತೊಡಲು ಶುರುಮಾಡಿದಾಗ ನನಗೆ ಜೀವ ಬಂತು. ಕೋಟಿಗೆ ಬ್ರಷ್ಷು ಹಾಕಿಸಿಕೊಂಡರು. ಕತ್ತಿನ ಗುಂಡಿ ನಾನೇ ಹಾಕಿದೆ. ಪೇಟವನ್ನು ಎರಡು ಸಲ ಸರಿಮಾಡಿಕೊಂಡರು. ಮೂರು ಸಂಜೆಗಳಲ್ಲಿ ಇಲ್ಲದಷ್ಟು ಚೆಂದ ಕಾಣುತ್ತಿದ್ದರು. ಆಮೇಲೆ ಕಾಲು ತೊಳೆದುಕೊಂಡು, ಒರೆಸಿಕೊಂಡು, ಬರಿಗಾಲಲ್ಲಿ ಹೊರಟರು.

"ಗೌಡ್ರೇ."

"ನಡೀಲಾ, ಒತ್ತಾಯ್ತದೆ."

ಊಟದ ಕೋಣೆಯ ಬಾಗಿಲಲ್ಲಿ ಬಡಿಸುವವರ ಮುಖ್ಯಸ್ಥ ಕೈ ಅಡ್ಡ ಹಿಡಿದ. ಒಳಗಿನ ಮೇಜುಗಳೆಲ್ಲ ಇತ್ತ ತಿರುಗಿದವು. ರಂಗರಾಯರು ಕರವಸ್ತ್ರ ಹಿಡಿದುಕೊಂಡೇ ಎದ್ದು ಬಂದರು. ಗೌಡರ ಹತ್ತು ಬೆರಳೂ ಆ ದೀಪಗಳ ಕೆಳಗೆ ಒಂದೊಂದಾಗಿ ಕಾಣುತ್ತಿದ್ದವು. ನಾನು ಮುಂದೆ ನುಗ್ಗಿ, ನನಗೆ ಬರುವ ಅತ್ಯುತ್ತಮ ದೊರೆಯ ದನಿಯಲ್ಲಿ, ಇವರ ಪಾದಗಳು ಊದಿಕೊಂಡಿವೆ, ಬೂಟು ಹತ್ತುತ್ತಿಲ್ಲ, ಡಾಕ್ಟರರು ಹಾಕಬಾರದೆಂದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮುಖ್ಯಸ್ಥನ ಮುಖ ಮೆತ್ತಗಾಯಿತು. ಕೈ ಇಳಿಸಿದ. ರಾಯರು ಕೂಡ ನನ್ನ ಕಡೆ ನೋಡಿ, ಸರಿ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆ ಒಂದು ಗಳಿಗೆ ದಾರಿ ತೆರೆದಿತ್ತು.

ಗೌಡರಿಗೆ ಬರುವ ಇಂಗ್ಲಿಷು ಕರೆಂಟ್ ಮನೆಯದು. ಆದರೆ ಅರ್ಥವಾಗುವುದು ಬೇಕಾದಷ್ಟು.

"ನೋ ಸಾರ್," ಎಂದರು, ಹೊಟ್ಟೆಯಿಂದ ತೆಗೆದು. ಒಂದು ಕಾಲೆತ್ತಿ ತೋರಿಸಿದರು. "ಲೆಗ್ ಗುಡ್."

ಏಡನ್ನಿನಲ್ಲಿ ದೋಣಿ ಬಂದಾಗ ಬಿಸಿಲು ಏರಿತ್ತು. ಗೌಡರು ಖಾಕಿ ಚಡ್ಡಿ ಹಾಕಿಕೊಂಡು, ಟ್ರಂಕು ಹಿಡಿದುಕೊಂಡು ಏಣಿಯ ಬಳಿ ನಿಂತಿದ್ದರು. ಊರಿಗೆ ಏನೆಂದು ಹೇಳ್ತೀರಿ, ಕಾಯಿಲೆ ಬಿತ್ತು ಅನ್ನಿ ಎಂದೆ. "ಕಾಯ್ಲೆ ಬುಡು. ಉಣ್ಣಾಕೆ ಓಗಿ ವಾಪಸ್ ಬಂದೆ ಅಂತೀನಿ, ನಗ್ತಾರೆ, ನಗ್ಲಿ" ಎಂದರು. ಎರಡು ಮೆಟ್ಟಿಲು ಇಳಿದು ಮತ್ತೆ ತಲೆ ಎತ್ತಿದರು. "ಆ ಕಬ್ಣ ಬೀಳೋದ್ನ ಸರ್ಯಾಗ್ ನೋಡ್ಕಂಡ್ ಬಾ. ಬಂದು ನಂಗೆ ಏಳು." ಹೇಳಬೇಕಾದದ್ದು ನನ್ನ ಬಾಯಿಯ ತನಕ ಬಂದಿತ್ತು. ದೋಣಿಯವನು ಹಗ್ಗ ಬಿಚ್ಚಿದ.

ನಾನು ಆ ದೇಶ ಮುಟ್ಟಿದ ಕೆಲವೇ ವಾರಕ್ಕೆ ಯುದ್ಧ ಬಂತು. ಹೊಸ ಮಿಷನ್ನಿನ ಕೆಲಸ ನಿಂತಿತು, ಕಾರ್ಖಾನೆ ಯುದ್ಧದ ಕೆಲಸಕ್ಕೆ ತಿರುಗಿತು, ನನ್ನನ್ನೂ ಅಲ್ಲೇ ಹಿಡಿದು ಹಾಕಿತು. ಆರು ತಿಂಗಳಿಗೆ ಹೋದವನು ಏಳು ವರ್ಷ ಇದ್ದೆ. ಕಬ್ಬಿಣ ಅಚ್ಚಿಗೆ ಬೀಳುವುದನ್ನು ದಿನಾ ನೋಡಿದೆ. ಬೆಂಕಿಯ ಬಣ್ಣದ ನೀರು. ಬೀಳುವಾಗ ಸದ್ದೇ ಇರುವುದಿಲ್ಲ. ಅದನ್ನು ಗೌಡರಿಗೆ ಹೇಗೆ ಹೇಳಬೇಕೆಂದು ಏಳು ವರ್ಷ ಮಾತು ಜೋಡಿಸಿಕೊಂಡಿದ್ದೆ.

ಹೋದ ವರ್ಷ ಊರಿಗೆ ಬಂದು ಅವರ ಹಟ್ಟಿಗೆ ಹೋದರೆ ಅವರಿರಲಿಲ್ಲ. ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ನಿಂಗಮ್ಮ ಚಾಪೆ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟರು. ಊರೆಲ್ಲ ಕೊನೆಯವರೆಗೂ ಅವರನ್ನು ಏಡನ್ ಗೌಡ ಎಂದೇ ಕರೆಯಿತಂತೆ.

"ನಿನ್ ಇಸ್ಯ ದಿನಾ ಏಳೋರು ಕಣಪ್ಪ," ಎಂದರು. "ಯಾರೋ ಬಡ್ಸೋ ಮುಂಡೇದು ನೋಡಿ ರಾಯ್ರಿಗೆ ಏಳ್ಬುಡ್ತು, ಆದ್ರೆ ನಮ್ ಸೀನ ನನ್ಗೋಸ್ಕರ ಅಷ್ಟು ಜನದ ಮುಂದೆ ಸುಳ್ಳೇಳ್ದ, ನಾನೇ ಉಳಿಸ್ಕಳ್ನಿಲ್ಲ ಅನ್ನೋರು."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಅದು ನಾನಮ್ಮ, ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಿಂಗಮ್ಮ ಸೆರಗು ಸರಿಮಾಡಿಕೊಂಡು ಹತ್ತಿರ ಬಂದು ಕೂತರು.

"ನೀನು ಅವ್ರಂಗೇ ಮಾತಾಡ್ತೀಯಂತೆ. ಒಂದ್ಸಲ ಆಡಪ್ಪ, ಕೇಳ್ತೀನಿ."

ನಾನು ಕಣ್ಣು ಮುಚ್ಚಿಕೊಂಡೆ. ದನಿ ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಸುತ್ತು ಹಾಕಿ, ತಾನಾಗಿ ಬಾಯಿಗೆ ಬಂತು. ನನ್ನ ದನಿಯಲ್ಲಿ ಆಗದ್ದು ಅದರಲ್ಲಿ ಆಯಿತು.

"ಬಡ್ಸೋನಲ್ಲ ಕಣಮ್ಮಿ. ಈ ಸೀನನೇ ಡೆಕ್ಕಿನ್ ಮೇಲೆ ನನ್ನ ಆಡ್ಕಂಡ್ ನಗ್ತಿದ್ದ. ರಾಯ್ರು ನೋಡ್ಬುಟ್ರು. ಇವ್ನಿಂದ್ಲೇ ನಾನು ವಾಪಸ್ ಬಂದಿದ್ದು."

ಕಣ್ಣು ಬಿಟ್ಟರೆ ನಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಂಗೇ ಅದೆ ಕಣಪ್ಪ, ಅಂಗೇ. ಅವ್ರೂ ಇಂಗೇ ಎಲ್ಲಾರ್ ಮೇಲೂ ಏನಾರ ಒಂದ್ ಕಟ್ಟಿ ಏಳೋರು." ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಪಕ್ಕದ ಮನೆಗೆ ಕೂಗಿದರು. "ಅಕ್ಕಯ್ಯ, ಬಾ ಇಲ್ಲಿ. ನಮ್ಮನೆಯೋರು ಮಾತಾಡ್ತಾವ್ರೆ."

ಪಕ್ಕದ ಮನೆಯವರು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ನಿಂಗಮ್ಮ ನನ್ನ ಎದುರಿಗೆ ಮತ್ತೆ ಬಂದು ಕೂತರು.

"ಆಗ್ಲೇ ಏಳಿದ್ನೇ ಏಳಪ್ಪ," ಎಂದರು.

ಹೇಳಿದೆ. ಇಬ್ಬರೂ ನಕ್ಕರು.