ದರ್ಜಿಯ ಎದೆಬಡಿತ
ಆ ಬೀದಿಯಲ್ಲಿ ದರ್ಜಿಯ ಎದೆಬಡಿತಕ್ಕೆ ಮದ್ದು ಹೇಳದವರಿಲ್ಲ, ಹೇಳಿದ್ದನ್ನು ಆತ ಮಾಡದೆ ಬಿಟ್ಟದ್ದೂ ಇಲ್ಲ. ಮಣಿಕಟ್ಟಿಗೆ ತಾಮ್ರದ ಬಳೆ, ಎದೆಗೆ ಅಯಸ್ಕಾಂತದ ಪಟ್ಟಿ, ಕಿವಿಯ ಹಾಲೆಗೆ ಸೂಜಿವೈದ್ಯ ಅಂಟಿಸಿಕೊಟ್ಟ ಸಾಸಿವೆಯಷ್ಟು ಮಣಿ. ಅಳತೆಗೆ ಬಂದವರು ಕೈ ಎತ್ತಿಕೊಂಡು ನಿಂತೇ ಇರಬೇಕು. ಆತ ಅರ್ಧಕ್ಕೇ ಟೇಪು ಬಿಟ್ಟು, ಮೂಗಿನ ಒಂದು ಹೊಳ್ಳೆ ಮುಚ್ಚಿ ಉಸಿರು ಎಣಿಸುತ್ತಿರುತ್ತಾನೆ. "ಈ ಸಲದ ಹನಿಮದ್ದು ಹಿಡಿದಂಗಿದೆ ಸಾರ್, ನಿನ್ನೆಯಿಂದ ಪರವಾಗಿಲ್ಲ" ಎನ್ನುತ್ತಾನೆ. ವಾರ ಬಿಟ್ಟು ಹೋದರೆ ಬೇರೆ ಸೀಸೆ, ಅದೇ ಮಾತು. ದೊಡ್ಡಾಸ್ಪತ್ರೆಯವರು ಇಸಿಜಿ ತೆಗೆದು, "ಹೃದಯ ಗಟ್ಟಿಯಾಗಿದೆ, ಗಾಬರಿ ಅಷ್ಟೆ" ಎಂದಾಗ ಮಾತ್ರ ಮುಖ ಸಣ್ಣದು ಮಾಡಿಕೊಂಡು ಬಂದ. ಯಾವ ವೈದ್ಯ "ಇದು ಯಾವಾಗ ಶುರುವಾಯ್ತು?" ಎಂದು ಕೇಳಿದರೂ "ವಯಸ್ಸಾಯ್ತಲ್ಲ" ಎಂದು ಮಾತು ಹಾರಿಸುತ್ತಾನೆ. ಶುರುವಾದ ದಿನ ಹೆಂಡತಿಗೆ ಗೊತ್ತು. ಅಂದು ಆಕೆ ಹೊರಗೆ ಹೋಗಿದ್ದಳು. ಆತ ಮದುವೆ ಬಟ್ಟೆಯ ಅವಸರದಲ್ಲಿ ಮಧ್ಯಾಹ್ನವೆಲ್ಲ ಮೆಷಿನ್ನು ತುಳಿಯುತ್ತಿದ್ದ. ಒಳಕೋಣೆಯಲ್ಲಿ ಮಲಗಿದ್ದ ತಾಯಿ ಮಗನನ್ನು ಕೂಗಿದ್ದು ಪಕ್ಕದ ಮನೆಯವರಿಗೆ ಕೇಳಿಸಿತು, ಆತನಿಗೆ ಕೇಳಿಸಲಿಲ್ಲ. ಅವರು ಓಡಿಬಂದು ಬಾಗಿಲು ಬಡಿಯುವಷ್ಟರಲ್ಲಿ ಮುದುಕಿಯ ಜೀವ ಹೋಗಿತ್ತು. ಅಂದಿನಿಂದ ಎರಡು ಗೇಣು ಹೊಲಿದರೆ ಸಾಕು, ಕಾಲು ನಿಲ್ಲಿಸಿ, ಒಳಗೆ ಕತ್ತು ಚಾಚಿ, "ಕರೆದ್ಯಾ?" ಎನ್ನುತ್ತಾನೆ. "ಇಲ್ಲಾರೀ, ನೀವು ಹೊಲೀರಿ" ಎಂದು ಹೇಳಿ ಹೇಳಿ ಹೆಂಡತಿಯ ನಾಲಿಗೆ ಸವೆದಿದೆ. ಒಂದು ದಿನ ಆಕೆ ಬೇಸತ್ತು, "ಹೂಂ, ಕರೆದೆ ಕಣ್ರೀ" ಎಂದುಬಿಟ್ಟಳು. ಬಟ್ಟೆ ಚೆಲ್ಲಿ ಓಡಿಬಂದ ಆತ ಆಕೆಯನ್ನು ದಾಟಿ ಹೋಗಿ, ತಾಯಿಯ ಖಾಲಿ ಮಂಚದ ಮುಂದೆ ಏದುಸಿರು ಬಿಡುತ್ತಾ ನಿಂತು, "ಬಂದೆ ಅಮ್ಮಾ, ಏನು ಬೇಕು?" ಎಂದ.