ಗೌಂಡಿ ಅಂಬ್ರಪ್ಪ ತನಗಾಗಿ ಕಟ್ಟಿದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮನೆ ಕಟ್ಟುವ ಗೌಂಡಿಗಳ ಮುಂದೆ ಹೇಳಬಾರದು. ಅವರು ನಗುತ್ತಾರೆ. ಅಂಬ್ರಪ್ಪನೂ ನಗುತ್ತಿದ್ದ. ಹದಿನಾಲ್ಕನೇ ವಯಸ್ಸಿಗೆ ಕೆಂಭಾವಿ ಕಡೆಯ ತನ್ನ ಹಳ್ಳಿ ಬಿಟ್ಟು ಹೈದರಾಬಾದಿಗೆ ಹೋದವನು. ಮೊದಲು ಕಲ್ಲು ಹೊತ್ತ, ಆಮೇಲೆ ಸಿಮೆಂಟು ಕಲಸಿದ, ಕಡೆಗೆ ಗಾರೆ ಹಚ್ಚುವ ತಾಪಿ ಹಿಡಿದು ಗೋಡೆಗೆ ನಿಂತ. ಇಪ್ಪತ್ತು ವರ್ಷದಲ್ಲಿ ಅವನು ಕಟ್ಟಿದ ಮನೆಗಳ ಸಂಖ್ಯೆ ಅವನಿಗೇ ಮರೆತಿತ್ತು.

ಕೊನೆಯ ಕೆಲವು ವರ್ಷ ಅವನಿಗೆ ಕೆಲಸ ಸಿಕ್ಕಿದ್ದು ನಗರದ ಅಂಚಿನಲ್ಲಿ. ಬಂಡೆ ಒಡೆದು, ಸುತ್ತ ಅಂಗಳ ಬಿಟ್ಟು ಸಾಲು ಮನೆ ಎಬ್ಬಿಸುವ ಕೆಲಸ. ಕೊಳ್ಳುವವರೆಲ್ಲ ಎಳೆಯ ಜೋಡಿಗಳು. ಭಾನುವಾರ ಕಾರಿನಲ್ಲಿ ಬಂದು, ಇನ್ನೂ ಗಿಲಾವಿನ ಗಾರೆ ಕಾಣದ ಗೋಡೆಗಳ ನಡುವೆ ಕೂಸನ್ನು ಕೆಳಗಿಳಿಸಿ, ಅದು ತಪ್ಪು ಹೆಜ್ಜೆ ಹಾಕುವುದನ್ನು ನೋಡಿ ಹಿಗ್ಗುತ್ತಿದ್ದರು. ಊರೊಳಗೆ ಉಸಿರು ಕಟ್ಟುತ್ತದೆ, ಮಗುವಿಗೆ ಜಾಗ ಬೇಕು ಎಂದು ಅವರು ಮೇಸ್ತ್ರಿಯ ಮುಂದೆ ಹೇಳುವುದು ಅಂಬ್ರಪ್ಪನ ಕಿವಿಗೂ ಬೀಳುತ್ತಿತ್ತು.

ಅದೇ ಹೊತ್ತಿಗೆ ಮರಳಿನ ಗುಡ್ಡೆಯ ಪಕ್ಕದಲ್ಲಿ ಅವನ ಮಗಳು ಮಲಕಮ್ಮ ಕೂತಿರುತ್ತಿದ್ದಳು. ನಾಲ್ಕು ವರ್ಷದ ಹುಡುಗಿ. ಅವಳ ಕಾಲಿಗೆ ಹಳೆಯ ಸೀರೆಯ ಚುಂಗು ಕಟ್ಟಿ, ಇನ್ನೊಂದು ತುದಿಯನ್ನು ಸಾರುವೆಯ ಬಿದಿರಿಗೆ ಬಿಗಿಯುತ್ತಿದ್ದವಳು ಹೆತ್ತ ತಾಯಿ ಅಮೃತಮ್ಮ. ಅವಳನ್ನು ಯಾರೂ ಕಲ್ಲು ಮನಸ್ಸಿನವಳು ಅನ್ನಬೇಡಿ. ಹಿಂದಿನ ವರ್ಷ ಪಕ್ಕದ ಕೆಲಸದಲ್ಲಿ ಯಾರದೋ ಕೂಸು ಕ್ಯೂರಿಂಗಿನ ನೀರಿನ ಗುಂಡಿಗೆ ಬಿದ್ದು ಸತ್ತಿತ್ತು. ಬುಟ್ಟಿ ಹೊರುವ ತಾಯಿ ಕೂಸನ್ನು ಕಾಯುವುದೆಂದರೆ ಕಟ್ಟಿಹಾಕುವುದೇ.

ಒಂದು ದಿನ ಅಮೃತಮ್ಮ ಬುಟ್ಟಿ ಇಳಿಸಿ ಗಂಡನ ಮುಂದೆ ನಿಂತಳು.

"ಮಂದಿ ಮಕ್ಕಳು ಓಡಾಡ್ಲಿ ಅಂತ ನೀ ಮನಿ ಕಟ್ಟಾಕತ್ತಿ. ನಮ್ಮ ಕೂಸಿನ ಕಾಲು ನಾ ಕಟ್ಟಾಕತ್ತೀನಿ. ಎಂಥಾ ಬಾಳೇವು ಇದು? ಊರಾಗ ಎರಡು ಎಕರೆ ಹೊಲ ಅದ. ನಾಕೂ ಕಡಿ ಬಯಲಿರೂ ಹಂಗ ಒಂದು ಮನಿ ಕಟ್ಟು. ನಡಿ."

ಯಾದಗಿರಿ ಜಿಲ್ಲೆಯಾದ ಮರು ಬೇಸಿಗೆಯಲ್ಲಿ ಮೂವರೂ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು.

ಊರು ಒಂದು ದಿನ್ನೆಯ ಮೇಲಿತ್ತು. ದಿನ್ನೆ ಅಂದರೆ ಗರಸಿನ, ಗಟ್ಟಿ ಕಲ್ಲುಮಣ್ಣಿನ ಗುಡ್ಡ. ಅದರ ಮೇಲೆ ನೂರಿಪ್ಪತ್ತು ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು ಕೂತಿದ್ದವು. ಒಬ್ಬರ ಮನೆಯಲ್ಲಿ ಕೆಮ್ಮಿದರೆ ಇನ್ನೊಬ್ಬರ ಮನೆಯಲ್ಲಿ ನೀರು ಕೊಡಬೇಕು, ಅಷ್ಟು ಇಕ್ಕಟ್ಟು. ಅಂಬ್ರಪ್ಪನ ತಾಯಿ ತಿಮ್ಮವ್ವ ಹಿರಿಯ ಮಗನ ಸಂಸಾರದ ಜೊತೆ ಅಲ್ಲಿಯೇ ಎರಡು ಅಂಕಣದ ಮನೆಯಲ್ಲಿದ್ದಳು. ಬಂದ ಮೂರನೇ ದಿನಕ್ಕೆ ಅಮೃತಮ್ಮ ತಲೆ ಚಚ್ಚಿಕೊಂಡಳು: "ಸುತ್ತ ಇಷ್ಟು ಭೂಮಿ ಬಿದ್ದದ, ಈ ಮಂದಿ ಯಾಕ ಇರಿವಿ ಕೂತಂಗ ಒಂದ್ರ ಮ್ಯಾಲ ಒಂದು ಕುಂತಾರ? ಇದಕ್ಕಿಂತ ಹೈದರಾಬಾದೇ ಪಾಡು."

ಆ ಪ್ರಶ್ನೆಗೆ ಉತ್ತರ ಊರಲ್ಲೇ ಇತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ. ಅಂಬ್ರಪ್ಪನ ಚಿಕ್ಕಪ್ಪ ಯಂಕಣ್ಣ, ಹರೆಯದಲ್ಲಿ ಬಾವಿ ತೋಡಿದ ಮುದುಕ, ಸುದ್ದಿ ಕೇಳಿ ಹೊಲಕ್ಕೇ ಬಂದ. ಕಾಲುವೆ ರಸ್ತೆಯ ಮಗ್ಗುಲಲ್ಲಿ ಕಪ್ಪನೆಯ ಎರೆಹೊಲ. ಅಂಬ್ರಪ್ಪ ಆಗಲೇ ಗೂಟ ಹೊಡೆದು ದಾರ ಕಟ್ಟುತ್ತಿದ್ದ.

"ಅಂಬ್ರ್ಯಾ, ಎರಿ ಹೊಲದಾಗ ಮನಿ ಕಟ್ಟಿದವರ ಹೆಸರು ಒಂದರ ಹೇಳು ನೋಡೂನು."

"ಯಾರೂ ಕಟ್ಟಿಲ್ಲ ಕಾಕಾ. ಅವರಿಗಿ ಕಟ್ಟಾಕ ಬರ್ತಿರಲಿಲ್ಲ. ನಾ ಕಟ್ತೀನಿ, ನೋಡು."

ಮುದುಕ ಬದು ಹತ್ತಿ ಊರ ಕಡೆ ನಡೆದ. ದೊಡ್ಡ ಊರಿನ ಗೌಂಡಿಗೆ ಬುದ್ಧಿ ಹೇಳಿ ಮುಖ ಮುರಿಸಿಕೊಳ್ಳುವ ವಯಸ್ಸು ಅವನದಲ್ಲ.

ಆ ಕಡೆ ಮನೆಯ ಜಾಗ ನೋಡುವುದಕ್ಕೆ ಒಂದು ಪದ್ಧತಿ ಇದೆ. ಮೊಳ ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ತಿರುಗಿ ಅದಕ್ಕೆ ತುಂಬುತ್ತಾರೆ. ಮಣ್ಣು ಮಿಕ್ಕರೆ ಆ ಮನೆ ತುಂಬಿಕೊಂಡಿರುತ್ತದೆ, ಕಡಿಮೆ ಬಿದ್ದರೆ ಆ ಜಾಗ ಬೇಡ. ತಿಮ್ಮವ್ವ ಅರಿಶಿನ ಕುಂಕುಮ ಹಾಕಿ ಗುಂಡಿ ತೋಡಿಸಿದಳು. ಉರಿ ಬೇಸಿಗೆ, ಎರೆಮಣ್ಣು ತೆಂಗಿನಕಾಯಿ ಗಾತ್ರದ ಹೆಂಟೆ ಹೆಂಟೆಯಾಗಿ ಎದ್ದಿತು. ತಿರುಗಿ ಹಾಕಿದರೆ ಹೆಂಟೆಗಳು ಒಂದರೊಳಗೊಂದು ಕೂರದೆ ಮೇಲೆ ಗುಪ್ಪೆಯಾಗಿ ನಿಂತವು. "ನೋಡ್ರಿ, ಒಂದು ಬುಟ್ಟಿ ಮಿಕ್ಕೇದ!" ಎಂದು ತಿಮ್ಮವ್ವ ಭೂಮಿಗೆ ಕೈಮುಗಿದಳು. ಹೆಂಟೆಗಳ ನಡುವೆ ಬರೀ ಗಾಳಿ ಇದೆ ಎಂಬುದು ಗೌಂಡಿಯಾದ ಅಂಬ್ರಪ್ಪನಿಗೆ ಗೊತ್ತಿತ್ತು. ಆದರೂ ಅವನ ಮುಖ ಅರಳಿತು. ನಮಗೆ ಬೇಕಾದ ಮಾತನ್ನೇ ಭೂಮಿಯೂ ಹೇಳಿದರೆ ಒಲ್ಲೆ ಅನ್ನುವವರು ಯಾರು?

ಪಾಯ ತೋಡಿದ. ಮೂರೂವರೆ ಅಡಿಗೆ ಹಾರೆ ಠಣ್ ಅಂತು. ಅಲ್ಲಿಗೆ ನಿಲ್ಲಿಸಿದ. ಮಾಡಬಾರದ ತಪ್ಪು ಮಾಡಿದ್ದು ಅಲ್ಲಿಯೇ. ಹೈದರಾಬಾದಿನಲ್ಲಿ ಹಾರೆ ಠಣ್ ಅಂದರೆ ಬಂಡೆ ಸಿಕ್ಕಿತು, ಇನ್ನು ಕಣ್ಣು ಮುಚ್ಚಿ ಗೋಡೆ ಎಬ್ಬಿಸಬಹುದು ಎಂದು ಅರ್ಥ. ಇಪ್ಪತ್ತು ವರ್ಷ ಅವನ ಕಿವಿ ಆ ಸದ್ದಿಗೆ ಪಳಗಿತ್ತು. ಇಲ್ಲಿ ಠಣ್ ಅಂದದ್ದು ಬಿಸಿಲಿಗೆ ಒಣಗಿ ಕಲ್ಲಾಗಿದ್ದ ಎರೆಮಣ್ಣು. ಅದೇ ಮಣ್ಣು ನೀರು ಕುಡಿದರೆ ಹಿಟ್ಟಿನಂತೆ ಉಬ್ಬುತ್ತದೆ ಎಂಬುದು ಊರಿನ ಕೂಸಿಗೂ ಗೊತ್ತು. ಅಂಬ್ರಪ್ಪನಿಗೂ ಗೊತ್ತಿರಬೇಕಿತ್ತು. ಆದರೆ ಅವನು ಊರು ಬಿಟ್ಟಾಗ ಆ ಹೊಲದ ಹತ್ತಿರ ಕಾಲುವೆಯೇ ಇರಲಿಲ್ಲ. ಜೋಳ, ತೊಗರಿ ಬೆಳೆಯುವ ಒಣ ಭೂಮಿಯಷ್ಟೇ ಅವನ ನೆನಪಿನಲ್ಲಿತ್ತು. ಈಗ ಕಟ್ಟುವಾಗಲೂ ಬೇಸಿಗೆ. ಕಾಲುವೆ ಬಂದ್ ಆಗಿ ಮೇಲಿನ ಹೊಲದಲ್ಲಿ ಬರೀ ಭತ್ತದ ಕೂಳೆ ಇತ್ತು.

ಮನೆ ಮೂರು ತಿಂಗಳಲ್ಲಿ ಎದ್ದಿತು. ಎರಡು ಖೋಲಿ, ಮುಂದೆ ಪಡಸಾಲೆ, ನೆಲಕ್ಕೆ ಪರಸಿ ಕಲ್ಲು. ತಗಡು ಸಾಕು ಎಂದು ಅಣ್ಣ ಹೇಳಿದರೂ ಕೇಳದೆ ಸ್ಲ್ಯಾಬ್ ಹಾಕಿದ. ಸ್ಲ್ಯಾಬ್ ಹಾಕಿದ ದಿನ ಊರಿಗೆ ಊರೇ ಬಂದು ನೋಡಿತು. ಶಾಲೆಯ ಬಸವಂತ್ರಾಯ ಮಾಸ್ತರರು ಗೋಡೆಗೆ ಅಂಗೈ ಇಟ್ಟು, "ಅಂಬ್ರಪ್ಪ, ಒಂದು ಮಳಿಗಾಲ ಹೋಗ್ಲಿ. ನನ್ನ ಹೊಲದಾಗೂ ಇಂಥಾದೇ ಒಂದು ಕಟ್ಟಿಕೊಡು. ಇನ್ನೂ ಇಬ್ಬರು ಕೇಳಾಕತ್ಯಾರ," ಎಂದರು. ಅಂದರೆ ಈ ಮನೆ ಗಟ್ಟಿಯಾಗಿ ನಿಂತರೆ ಊರಲ್ಲೇ ಕೆಲಸ ಸಿಕ್ಕಿತು. ಕೆಲಸ ಸಿಕ್ಕರೆ ಹೆಂಡತಿ, ಮಗಳ ಜೊತೆ ಅವನೂ ಇಲ್ಲೇ ನಿಂತ. ಆ ಗೋಡೆಗಳ ಮೇಲೆ ಸ್ಲ್ಯಾಬಿಗಿಂತ ಭಾರವಾದದ್ದು ಕೂತಿತ್ತು.

ಮನೆ ಹೊಕ್ಕ ಮೇಲಿನ ಆ ದಿನಗಳಷ್ಟು ಸುಖವನ್ನು ಅಮೃತಮ್ಮ ಹಿಂದೆ ಉಂಡಿರಲಿಲ್ಲ. ಮಲಕಮ್ಮ ಮುಂಜಾನೆ ಎದ್ದರೆ ಹೊರಗೆ. ಬದುವಿನ ಮೇಲೆ, ತೊಗರಿಯ ಸಾಲಿನಲ್ಲಿ, ಮನೆಯ ಸುತ್ತ. ಅವಳು ಬಿದ್ದರೂ ಮಣ್ಣಿನ ಮೇಲೇ ಬೀಳುತ್ತಿದ್ದಳು. ಅಮೃತಮ್ಮ ರೊಟ್ಟಿ ಬಡಿಯುತ್ತ ಆ ಕಡೆ ನೋಡುವುದನ್ನೂ ಬಿಟ್ಟಳು. ಅದೇ ಅವಳ ದೊಡ್ಡ ಸುಖ.

ಶ್ರಾವಣಕ್ಕೆ ಮಳೆ ಹಿಡಿದುಕೊಂಡಿತು, ಕಾಲುವೆಗೂ ನೀರು ಬಂತು. ಮೇಲಿನ ಹೊಲದ ಅಮರಪ್ಪ ಭತ್ತದ ಮಡಿಗೆ ಮೊಣಕಾಲು ನೀರು ಕಟ್ಟಿದ. ಹದಿನೈದು ದಿನಕ್ಕೆ ಅಡುಗೆ ಖೋಲಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು.

"ಗಿಲಾವು ಒಣಗ್ಯಾದ, ಅಷ್ಟ," ಎಂದ ಅಂಬ್ರಪ್ಪ ಹೆಂಡತಿಗೆ.

ಹಾಗೆಂದವನು, ಅವಳು ನೀರಿಗೆ ಹೋದಾಗ, ಗೌಂಡಿಗಳು ಮಾಡುವ ಪರೀಕ್ಷೆ ಮಾಡಿದ. ಕಿಟಕಿ ಗಾಜಿನ ತೆಳ್ಳನೆಯ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿದ. ಗಾಜು ಉಳಿದರೆ ಬಿರುಕು ಸತ್ತಿದೆ, ಹೆದರಬೇಕಿಲ್ಲ. ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ. ನಾಲ್ಕನೇ ದಿನ ಗಾಜು ಒಡೆಯಿತು. ಇನ್ನೊಂದು ಹಚ್ಚಿದ, ಅದು ಎರಡೇ ದಿನಕ್ಕೆ ಒಡೆಯಿತು. ಮೂರನೆಯದನ್ನೂ ಹಚ್ಚಿದ. ಬೇರೆಯವರಾಗಿದ್ದರೆ ದೇವರ ಮೇಲೆ ಭಾರ ಹಾಕಿ ಉಣ್ಣುತ್ತಿದ್ದರು. ಅವನಿಗೆ ಎಲ್ಲ ತಿಳಿಯುತ್ತಿತ್ತು. ತಿಳಿದವನ ಪಾಡು ಯಾರಿಗೂ ಬೇಡ.

ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲಾರದಾಯಿತು. ಪರಸಿಗಳು ಎದ್ದವು. ಅಂಬ್ರಪ್ಪ ಮನೆಯ ಸುತ್ತ ಕಂದಕ ತೋಡಿ ಗರಸು ತುಂಬೋಣವೆಂದ; ಗರಸು ಬರುವ ಮೊದಲೇ ಕಂದಕದಲ್ಲಿ ನೀರು ಬಂದು ಕಪ್ಪೆಗಳು ಕೂತವು. ಕಡೆಗೆ ಅಮರಪ್ಪನ ಮನೆಗೆ ಹೋಗಿ ಅಂಗಲಾಚಿದ.

"ಅಣ್ಣಾ, ಈ ಒಂದು ವರ್ಷ ಭತ್ತ ಬಿಟ್ಟು ಬ್ಯಾರೆ ಏನರ ಬಿತ್ತು. ನನ್ನ ಮನಿ ಬೀಳಾಕತ್ತದ."

ಅಮರಪ್ಪ ಕೆಟ್ಟವನಲ್ಲ. ತಂಬಿಗೆ ನೀರು ಕೊಟ್ಟು ಕೂರಿಸಿಕೊಂಡ. "ತಮ್ಮಾ, ಈ ನೀರಿಗಿ ನಮ್ಮಪ್ಪ ಕಾದು ಕಾದು ಸತ್ತ. ನಾ ಬಿಟ್ರ ಮ್ಯಾಲಿನವ ಬಿಡ್ತಾನೇನು? ಅವ ಬಿಟ್ರ ಕೆನಾಲು ಬಿಡ್ತದೇನು?" ಎಂದ. ಒಳಗೆ ಅವನ ಮಕ್ಕಳು ಬಿಸಿ ಅನ್ನ ಉಣ್ಣುತ್ತಿದ್ದರು. ಅಂಬ್ರಪ್ಪ ತಂಬಿಗೆ ಕೆಳಗಿಟ್ಟು ಎದ್ದು ಬಂದ. ಬೈಯಲು ಒಬ್ಬನಾದರೂ ಸಿಕ್ಕಿದ್ದರೆ ಅವನ ಎದೆ ಹಗುರಾಗುತ್ತಿತ್ತೋ ಏನೋ.

ಯಂಕಣ್ಣ ಬಂದು ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು. ಅಮೃತಮ್ಮನೇ ಕೇಳಿದಳು: "ಕಾಕಾ, ಊರು ದಿನ್ನಿ ಮ್ಯಾಲ ಕುಂತದ್ದು ಇದಕೇನು?"

"ಹೌದವ್ವ. ಗರಸು ಇದ್ದದ್ದು ಅಷ್ಟ ಜಾಗ. ಹಿರ್ಯಾರು ಅಷ್ಟ್ರಾಗ ಇಕ್ಕಟ್ಟು ಮಾಡ್ಕೊಂಡು ಕುಂತ್ರು. ಅವರಿಗಿ ಬಯಲು ಬ್ಯಾಡಾಗಿತ್ತೇನು?"

ಅಮೃತಮ್ಮ ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದಳು.

ದೀಪಾವಳಿಯ ಹೊತ್ತಿಗೆ ಬಸವಂತ್ರಾಯ ಮಾಸ್ತರರು ಬಂದರು. ಬಿರುಕಿನಲ್ಲಿ ಆಗ ಎರಡು ಬೆರಳು ಹೋಗುತ್ತಿದ್ದವು. ಅಂಬ್ರಪ್ಪ ಅದಕ್ಕೆ ಸಿಮೆಂಟು ತುಂಬಿ ಸುಣ್ಣ ಬಳಿದು ತೋರಿಸಬಹುದಿತ್ತು. ಹಾಗೆ ಮಾಡುವ ಗೌಂಡಿಗಳೂ ಇದ್ದಾರೆ. ಅವನು ತಾನಾಗಿ ಕರೆದೊಯ್ದು ತೋರಿಸಿದ.

"ಮಾಸ್ತರ್ರ, ನಿಮ್ಮ ಹೊಲದಾಗ ಕಟ್ಟಬ್ಯಾಡ್ರಿ. ನಂದ ತಪ್ಪು. ನನಗ ಈ ಮಣ್ಣು ಮರತೋಗಿತ್ತು."

ಮಾಸ್ತರರಿಗೆ ಪಾಪ ಅನ್ನಿಸಿತು. "ಇರ್ಲಿ ಬಿಡಪ್ಪ, ಆಗ್ತದ," ಎಂದು ಚಹಾ ಕುಡಿಯದೆ ಹೋದರು. ಆಮೇಲೆ ಊರಲ್ಲಿ ಯಾರೂ ಅವನ ಹತ್ತಿರ ಮನೆಯ ಮಾತು ತೆಗೆಯಲಿಲ್ಲ. ಹಂದಿಗೂಡು ಕಟ್ಟುವವರೂ ಬೇರೆ ಗೌಂಡಿಯನ್ನು ಕರೆದರು.

ಇನ್ನು ಉಳಿದದ್ದು ಹೈದರಾಬಾದ್. ಅಂಬ್ರಪ್ಪ ತಾಪಿ, ತೂಗುಗುಂಡು, ಮಟ್ಟದ ಪಟ್ಟಿ ಚೀಲಕ್ಕೆ ತುಂಬುತ್ತ "ನೀವೂ ತಯಾರಾಗ್ರಿ" ಎಂದ.

"ನಾವು ಬರಂಗಿಲ್ಲ," ಎಂದಳು ಅಮೃತಮ್ಮ. "ಅಕಿ ಓಡೂದು ಕಲ್ತಾಳ. ಮತ್ತ ಅಕಿ ಕಾಲು ಕಟ್ಟೂದು ನನ್ನಿಂದ ಆಗಂಗಿಲ್ಲ. ಹೊಲದಾಗ ನಾಕು ತಗಡು ನಿಂದರಿಸಿ ಕೊಟ್ಟು ಹೋಗು."

ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ ತಗಡಿನ ಗುಡಿಸಲು ಎದ್ದಿತು. ಮಣ್ಣು ಉಬ್ಬಿದರೆ ಉಬ್ಬಲಿ, ಇಳಿದರೆ ಇಳಿಯಲಿ, ತಗಡಿಗೆ ಅದರ ಪರಿವೆಯಿಲ್ಲ. ಶಹಾಪುರಕ್ಕೆ ಹೋಗಿ ಬಸ್ಸು ಹತ್ತುವಾಗ ಅಂಬ್ರಪ್ಪನ ಕಣ್ಣಲ್ಲಿ ನೀರು ಬಂತು. ಮೂವರೂ ಒಟ್ಟಿಗೆ ಆರಾಮಾಗಿ ಇರಲೆಂದು ಊರಿಗೆ ಬಂದು, ಈಗ ಅವನೊಬ್ಬನೇ ತಿರುಗಿ ಹೋಗುತ್ತಿದ್ದ.

ಅಲ್ಲಿ ಮತ್ತೆ ಅದೇ ನಗರದ ಅಂಚು, ಅದೇ ಸಾಲು ಮನೆ. ಎಂಟು ಜನರ ಜೊತೆ ಒಂದು ಶೆಡ್ಡಿನಲ್ಲಿ ಮಲಗುವುದು. ಭಾನುವಾರ ಮಧ್ಯಾಹ್ನ ಊರಿಗೆ ಫೋನು. ಬೇಸಿಗೆ ಹತ್ತಿರ ಬಂದ ಒಂದು ಭಾನುವಾರ ಫೋನು ಎತ್ತಿದವಳು ಮಲಕಮ್ಮ.

"ಅಪ್ಪಾ, ನಮ್ಮ ಮನ್ಯಾಗ ನಂದೊಂದು ಕಿಟಕಿ ಆಗ್ಯಾದ! ನನ್ನ ಕೈ ಪೂರಾ ಹೋಗ್ತದ. ಆ ಕಡಿ ಅಮರಪ್ಪ ಕಾಕಾನ ಭತ್ತ ಕಾಣ್ತದ."

ಅಂಬ್ರಪ್ಪ ದಡಕ್ಕನೆ ಎದ್ದ. "ಅವ್ವಾ, ಕೈ ತಗಿ. ಹೊರಗ ಬಾ. ನಿಮ್ಮವ್ವ ಎಲ್ಲ್ಯದಾಳ?"

"ಕಳೇವು ತಗ್ಯಾಕ ಹೋಗ್ಯಾಳ. ನಾ ದಿನಾ ಇಲ್ಲೇ ಆಡ್ತೀನಪ್ಪ. ತಗಡಿನಾಗ ಬಿಸಲು. ನೀ ಕಟ್ಟಿದ ಮನಿ ತಣ್ಣಗ ಅದ."

ಅವಳ ತಲೆಯ ಮೇಲಿನ ಸ್ಲ್ಯಾಬಿನಲ್ಲಿ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು ಇದೆ ಎಂಬುದು ಲೋಕದಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಫೋನಿನಲ್ಲಿ ಕೂಗಿ, ಬೈದು, ಬೇಡಿಕೊಂಡು ಮಗಳನ್ನು ಹೊರಗೆ ಕರೆಸಿದ. ಅವಳು ಅಳುತ್ತ ಹೊರಗೆ ಬಂದಳು. ಅಮೃತಮ್ಮ ಬರುವವರೆಗೂ ಫೋನು ಇಡಲಿಲ್ಲ.

"ನಾಳಿಗೇ ಯಂಕಣ್ಣ ಕಾಕಾಗ ಹೇಳಿ ಆಳು ಹಚ್ಚಸು," ಎಂದ ಅವಳಿಗೆ. "ಮನಿ ಕೆಡವಿ ಬಿಡ್ಲಿ."

"ಮಂದಿ ಈ ಮನಿಗಿ ಹಾರಿ ಹಾಕೂದು ನಾ ನೋಡಂಗಿಲ್ಲ," ಎಂದಳು ಅಮೃತಮ್ಮ. "ಕಟ್ಟಿದವ ನೀ. ನೀನ ಬಾ."

ಮರುದಿನ ಅಂಬ್ರಪ್ಪ ಮೇಸ್ತ್ರಿಯ ಮುಂದೆ ರಜೆಗೆ ನಿಂತ. ಮೇಸ್ತ್ರಿ ದುರಗಪ್ಪ ಶಹಾಪುರ ಕಡೆಯವನೇ, ಒಳ್ಳೆಯವನು. ಏನು ಕೆಲಸ ಎಂದು ಕೇಳಿದ.

"ಊರಾಗ ಮನಿ ಕೆಲಸ ಅದರೀ."

ಮೇಸ್ತ್ರಿಯ ಮುಖ ಅರಳಿತು. "ಸ್ವಂತ ಮನಿ ಏನು? ಭೇಷ್! ಮಂದಿ ಮನಿ ಕಟ್ಟೂದರಾಗ ನಮ್ಮ ಜನ್ಮ ಹೋತು, ನೀನರ ನಿಂದು ಮಾಡ್ಕೋ. ಎಷ್ಟು ದಿನ ಬೇಕು, ಒಂದು ತಿಂಗಳು?"

"ಇಲ್ರಿ," ಎಂದ ಅಂಬ್ರಪ್ಪ. "ಎರಡು ದಿನ ಸಾಕು."