ಬುಗಡಿಗೆ ತಾಗದ ಮಾಸ್ಕ್

ಮಾವಶಿಯ ಕಿವಿಯ ಮೇಲಂಚಿನಲ್ಲಿ ಮುತ್ತಿನ ಬುಗಡಿ ಇತ್ತು. ಹೊಲಿಗೆ ಯಂತ್ರ ತುಳಿಯುವಾಗ ಅದು ಸಣ್ಣಗೆ ನಡುಗುತ್ತಿತ್ತು. ಆ ನಡುಕ ನೋಡುತ್ತ ನೋಡುತ್ತ ನಾನು ಎಷ್ಟೋ ಮಧ್ಯಾಹ್ನ ಅವಳ ಹೊಸ್ತಿಲ ಬಳಿಯೇ ನಿದ್ದೆ ಹೋಗಿದ್ದೇನೆ. ಅವ್ವನ ಅಕ್ಕತಂಗಿಯರನ್ನು ಕರೆಯುವಂತೆ ಮಾವಶಿ ಎನ್ನುತ್ತಿದ್ದೆ, ರಕ್ತಸಂಬಂಧವೇನೂ ಇಲ್ಲ; ಸಾಂಗಲಿಯ ನಮ್ಮ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಜೈನರ ಮನೆ ಅವಳದು.

ಅವ್ವ ಅರಿಷಿಣದ ಕಾರಖಾನೆಗೆ ಹೋಗುತ್ತಿದ್ದಳು. ಊರು ಬೆಳೆಯುತ್ತಿದ್ದ ಕಾಲ. ಕೈಯಿಂದ ತಿಕ್ಕುತ್ತಿದ್ದ ಅರಿಷಿಣದ ಕೊಂಬನ್ನು ಈಗ ಕರೆಂಟಿನ ದೊಡ್ಡ ಡ್ರಮ್ಮು ತಿಕ್ಕುತ್ತಿತ್ತು; ಶೆಡ್ಡಿನ ತುಂಬ ಹಳದಿ ಧೂಳು. ಅವ್ವನಿಗೆ ಕೆಮ್ಮು ಹತ್ತಿತು. ಮಾಲೀಕರು ಮಾಸ್ಕ್ ಕೊಟ್ಟರು, ಪಾಪ, ಒಳ್ಳೆಯದನ್ನೇ ಕೊಟ್ಟರು. ಆದರೆ ಅದರ ಇಲಾಸ್ಟಿಕ್ಕು ಅವ್ವನ ಬುಗಡಿಗೆ ಸಿಕ್ಕು ಕಿವಿಯನ್ನೇ ಜಗ್ಗುತ್ತಿತ್ತು. ಅದನ್ನು ಕೊರಳಿಗಿಳಿಸಿಕೊಂಡೇ ದುಡಿದಳು. ಧೂಳು ತಪ್ಪದಿದ್ದರೆ ಕೆಲಸ ಬಿಡಬೇಕೆಂದರು ಡಾಕ್ಟರು. ಬಿಟ್ಟರೆ ನಮ್ಮ ಒಲೆ ಹತ್ತುವುದು ಹೇಗೆ?

"ಬುಗಡಿ ತಗಿ ಅಂತ ನಾ ಹೆಂಗ ಹೇಳ್ಲಿ? ನಾನೂ ತಗಿಯಂಗಿಲ್ಲ," ಎಂದು ಮಾವಶಿ ಕತ್ತರಿ ಹಿಡಿದಳು.

ಅವರ ಮನೆಯಲ್ಲಿ ದಪ್ಪ ಅರಿವೆ ಮಡಚಿ ನೀರು ಸೋಸುತ್ತಿದ್ದರು. ಅರಿವೆಯಲ್ಲಿ ಉಳಿದ ಕಾಣದ ಜೀವಗಳನ್ನು ಮತ್ತೆ ಬಾವಿಗೆ ಬಿಡುತ್ತಿದ್ದರು. ಅದೇ ಅರಿವೆಯಲ್ಲಿ ಮಾಸ್ಕ್ ಹೊಲಿದಳು. ಅದನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದ ಅವ್ವ ಮಧ್ಯಾಹ್ನವೇ ಏದುಸಿರು ಬಿಡುತ್ತ ಮರಳಿದಳು.

"ಅಕ್ಕಾ, ಧೂಳ ಇರ್ಲಿ, ನನಗ ಉಸರ ಇಲ್ರಿ!"

ಮಾವಶಿ ಹಣೆ ಬಡಿದುಕೊಂಡು ನಕ್ಕಳು. "ಜೀವಾ ಉಳಸಾಕ ಹೋಗಿ ನಿನ್ನ ಜೀವಾನ ತಗೀತಿದ್ದೆ ನೋಡವಾ!"

ಆಮೇಲೆ ತನ್ನ ಗಂಡ, ನಮ್ಮ ಕಾಕಾನ ಹಳೆಯ ಧೋತರ ಹರಿದಳು. ಒಗೆದು ಒಗೆದು ಬೆಣ್ಣೆಯಾಗಿದ್ದ ಅರಿವೆ. ಇಲಾಸ್ಟಿಕ್ಕಿನ ಬದಲು ತುರುಬಿನ ಮೇಲೆ, ಕೆಳಗೆ ಕಟ್ಟುವ ಲಾಡಿ. ಮೊದಲು ತಾನೇ ಕಟ್ಟಿಕೊಂಡು ಖಾರ ಕುಟ್ಟಿದಳು, ಹಾಲಿನವನ ಜೊತೆ ಮನಸಾರೆ ಜಗಳಾಡಿದಳು.

"ಮಾತಾಡಾಕ ಬರದ ಅರಿವಿ ಯಾರ ಕಟ್ಕೊಂತಾರ?"

ಅವ್ವ ಕಟ್ಟಿಕೊಂಡಳು, ಬಿಚ್ಚಲಿಲ್ಲ. ದಿನಾ ಸಂಜೆ ಹಳದಿ ರೆಪ್ಪೆಗಳ ಅವ್ವ ಓಣಿಗೆ ಕಾಲಿಟ್ಟಳೆಂದರೆ ಮಾವಶಿಯ ದನಿ ಬರುತ್ತಿತ್ತು: "ಉಸರು ಆಡತೈತೇನವಾ?" ಕೆಮ್ಮು ಯಾವಾಗ ಹೋಯಿತೋ ನಮಗೆ ಗೊತ್ತೇ ಆಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮಾವಶಿಯನ್ನು ಮಿರಜಿನ ದವಾಖಾನೆಗೆ ಸೇರಿಸಿದರು. ಆಕ್ಸಿಜನ್ ಮಾಸ್ಕನ್ನು ಮತ್ತೆ ಮತ್ತೆ ಕಿತ್ತುಹಾಕುತ್ತಿದ್ದಳು. "ಕಾಢೂ ನಕಾ, ಆಜೀ," ತೆಗೆಯಬೇಡಿ ಎಂದು ನರ್ಸ್ ಮರಾಠಿಯಲ್ಲಿ ಅಂಗಲಾಚುತ್ತಿದ್ದಳು. ಅವ್ವ ಮಾವಶಿಯ ಕಿವಿ ನೋಡಿದಳು. ಬುಗಡಿ ಅಲ್ಲೇ ಇತ್ತು, ಇಲಾಸ್ಟಿಕ್ಕು ಅದರ ಮೇಲೇ ಬಿಗಿದಿತ್ತು. ನರ್ಸಿಗೆ ಹೇಳಿ ಆ ಇಲಾಸ್ಟಿಕ್ಕನ್ನು ಬಿಚ್ಚಿ, ತನ್ನ ಚೀಲದ ಹಳೆಯ ಮಾಸ್ಕಿನ ಲಾಡಿ ಹರಿದು ಪೋಣಿಸಿ, ಬೆಳ್ಳಗಾದ ಆ ತುರುಬಿನ ಹಿಂದೆ ಕಟ್ಟಿದಳು.

"ಉಸರು ಆಡತೈತೇನ್ರಿ, ಅಕ್ಕಾ?"

ಮಾವಶಿ ಕಣ್ಣಲ್ಲೇ ನಕ್ಕಳು. ಬುಗಡಿ ಸಣ್ಣಗೆ ನಡುಗಿತು. ಆ ಮಾಸ್ಕನ್ನು ಅವಳು ಮತ್ತೆ ಕೀಳಲಿಲ್ಲ.

ಮರುದಿನ ಬೆಳಗಿನ ಜಾವ ಉಸಿರಿನ ಜೊತೆ ಆ ನಡುಕವೂ ನಿಂತಿತು. ಅವ್ವ ಈಗಲೂ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಅವಳ ಉಸಿರು ಹಗುರವಾಗಿ ಆಡುವುದನ್ನು ಕೇಳುತ್ತ, ಮಾವಶಿಯ ಹೊಸ್ತಿಲಲ್ಲಿ ಇದ್ದಂತೆಯೇ, ನನಗೆ ನಿದ್ದೆ ಬರುತ್ತದೆ.